ಒಂದು ಮೊಸರಿನಷ್ಟು ದೂರ

ನಮ್ಮ ಮನೆಯಲ್ಲಿ ಈಗಲೂ ದೂರವನ್ನು ಅಳೆಯುವುದು ಮೊಸರಿನಲ್ಲಿ. ತ್ರ್ಯಂಬಕೇಶ್ವರ ಎಂದರೆ ಬರೀ ಹಾಲು. ಅಂದರೆ ನಾಸಿಕದ ಮನೆ ಬಿಡುವಾಗ ಹೆಪ್ಪು ಹಾಕಿದ ಹಾಲು, ಅಲ್ಲಿ ಹೋಗಿ ಮುಚ್ಚಳ ತೆಗೆದಾಗಲೂ ಹಾಲಾಗಿಯೇ ಇರುತ್ತದೆ. ಪುಣೆ ಎಂದರೆ ಸಿಹಿ ಮೊಸರು. ಸೊಲ್ಲಾಪುರ ಹುಳಿ ಮೊಸರು. ನಮ್ಮ ಮೂಲದ ಊರಾದ ಬೀದರ್ ಜಿಲ್ಲೆಯ ಭಾಲ್ಕಿಯಂತೂ, ಮುಚ್ಚಳ ತೆಗೆಯದೆಯೇ ಪಾತ್ರೆಯನ್ನು ಹಿತ್ತಲಿಗೆ ಒಯ್ಯಬೇಕಾದಷ್ಟು ದೂರ.

ಮೊನ್ನೆ ಪಕ್ಕದ ಮನೆಯ ಕುಲಕರ್ಣಿಯವರು ಫೋನು ಹಿಡಿದುಕೊಂಡು ಬಂದರು. ನಿವೃತ್ತರಾದ ಮೇಲೆ ಅವರಿಗೆ ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಎಂದು ಫೋನಿಗೆ ಕೇಳುವ ಚಟ ಹತ್ತಿದೆ. ಎಲ್ಲಿಗೂ ಹೋಗುವುದಿಲ್ಲ, ಕೇಳುತ್ತಾರೆ ಅಷ್ಟೆ. ನಾಸಿಕದಿಂದ ಸಂಭಾಜಿನಗರಕ್ಕೆ ವಿಮಾನದ ದಾರಿಯಲ್ಲಿ ಹೋದರೆ ಸುಮಾರು ನೂರು ಮೈಲಿ, ಅರ್ಧ ಗಂಟೆ ಸಾಕು, ಎಂದು ಮರಾಠಿಯಲ್ಲಿ ಸಂಭ್ರಮದಿಂದ ಹೇಳಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಆದರೆ ನೇರ ವಿಮಾನವೇ ಇಲ್ಲವಂತೆ, ಎಂದು ಸ್ವಲ್ಪ ಸಪ್ಪಗಾದರು.

ಒಳಗೆ ಚಪಾತಿ ಲಟ್ಟಿಸುತ್ತಿದ್ದ ನನ್ನ ಹೆಂಡತಿ ಮಹಾನಂದಾ ಕೈ ನಿಲ್ಲಿಸದೆ, "ಒಂದು ಮೊಸರು" ಎಂದಳು.

ಕುಲಕರ್ಣಿಯವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಆ ದನಿಯಲ್ಲಿ ಐವತ್ತು ವರ್ಷ ದಾಟಿದ ಒಂದು ಕಳ್ಳತನದ ವಾಸನೆ ಇತ್ತು. ಕಳ್ಳ ನಾನೇ.

ಹೇಳುವ ಮೊದಲು ಒಂದು ಮಾತು. ನೆನಪನ್ನು ನಾನು ನಂಬುವುದಿಲ್ಲ. ಅದು ಬಾಡಿಗೆ ಮನೆಯವರ ಹಾಗೆ, ಖಾಲಿ ಮಾಡುವಾಗ ಮೊಳೆ ಹೊಡೆದ ತೂತುಗಳನ್ನೆಲ್ಲ ಮುಚ್ಚಿ ಸುಣ್ಣ ಬಳಿದು ಹೋಗುತ್ತದೆ. ನೋಡಿದವರಿಗೆ ಇಲ್ಲಿ ಯಾರೂ ಜಗಳವಾಡಿಯೇ ಇಲ್ಲ ಅನ್ನಿಸಬೇಕು. ಆದ್ದರಿಂದ ಎಲ್ಲೆಲ್ಲಿ ಗೋಡೆ ತೀರಾ ಬೆಳ್ಳಗೆ ಕಾಣುತ್ತದೋ ಅಲ್ಲಲ್ಲಿ ನೀವು ಉಗುರಿನಿಂದ ಕೆರೆದು ನೋಡಬಹುದು. ಇದು ನಡೆದದ್ದು ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ, ಅರವತ್ತರ ದಶಕದ ಕೊನೆಗೋ ಎಪ್ಪತ್ತರ ಮೊದಲಿಗೋ. ಬೇಸಿಗೆ ಎಂಬುದು ಮಾತ್ರ ಖಚಿತ, ಮೊಸರೇ ಸಾಕ್ಷಿ. ಅವತ್ತು ನಾನು ಹಾಕಿದ್ದ ಅಂಗಿಯ ಬಣ್ಣವೂ ವಿವಾದದಲ್ಲಿದೆ. ಬಿಳಿ ಎಂದು ನನ್ನ ವಾದ. "ಎಲ್ಲಿ ಬಿಳಿ? ಹಸರ. ಗಿಳಿ ಕುಂತಂಗ ಕುಂತಿದ್ರಿ," ಎಂದು ಮಹಾನಂದಾ.

ನಾನಾಗ ನಾಸಿಕದ ಒಂದು ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದೆ. ಅವ್ವ ಮತ್ತು ನಾನು ಪಂಚವಟಿಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ಇಡೀ ದಿನ ಅಡಿಪಟ್ಟಿ ಹಿಡಿದು ಗೆರೆ ಎಳೆಯುವವನಿಗೆ ಒಂದು ರೋಗ ತಗಲುತ್ತದೆ. ಜಗತ್ತು ನೇರವಾಗಿದೆ ಎಂದು ಅವನು ತಿಳಿಯತೊಡಗುತ್ತಾನೆ. ನನಗೆ ಅದು ವಿಪರೀತ ತಗಲಿತ್ತು. ಅವ್ವ ತರಕಾರಿಗೆ ಕಳಿಸಿದರೆ, ಸಂದಿಯಲ್ಲಿ ಸುತ್ತಿ ಹೋಗುವುದು ಅವಮಾನವೆಂದು ಯಾರದೋ ಹಿತ್ತಲು ದಾಟಿ ಹೋಗಿ ನಾಯಿ ಅಟ್ಟಿಸಿಕೊಂಡು ಬರುತ್ತಿದ್ದೆ.

ವಿಮಾನದ ಹುಚ್ಚು ಮಾತ್ರ ಅದಕ್ಕಿಂತ ಹಳೆಯದು. ಭಾಲ್ಕಿಯಲ್ಲಿ ಹುಡುಗರಾಗಿದ್ದಾಗ, ಮೇಲೆ ಗುಂಯ್ ಎಂದು ಸದ್ದಾದರೆ ಸಾಕು, ಉಣ್ಣುವ ತಟ್ಟೆ ಹಿಡಿದೇ ಹೊರಗೆ ಓಡುತ್ತಿದ್ದೆವು. "ವಿಮಾನದವ್ರೇ, ಬಿಸ್ಕೀಟ್ ಒಗೀರಿ!" ಎಂದು ಕೂಗುತ್ತಿದ್ದೆವು. ಒಮ್ಮೆ ಏನೋ ಬಿದ್ದಂತೆಯೂ ಆಯಿತು. ನೋಡಿದರೆ ಕಾಗೆಯ ಪ್ರಸಾದ, ನನ್ನ ತಟ್ಟೆಯಲ್ಲಿಯೇ. ಆದರೂ ವಿಮಾನದ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ. ಅದು ನೇರ ಹೋಗುತ್ತದಲ್ಲ!

ಅವ್ವ ಯಾರದೋ ಮದುವೆಯಲ್ಲಿ ಮಹಾನಂದಾಳನ್ನು ನೋಡಿ ಮೆಚ್ಚಿ ಬಂದಿದ್ದಳು. ಅವರೂ ನಮ್ಮ ಕಡೆಯವರೇ, ಬೀದರ್ ಸೀಮೆಯಿಂದ ಹೋಗಿ ಔರಂಗಾಬಾದಿನಲ್ಲಿ ನೆಲೆಸಿದವರು. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕಿದವರು ಅವಳ ಅಜ್ಜಿ. ಎಲ್ಲರೂ ಆಯಿ ಎನ್ನುತ್ತಿದ್ದರು. ತೊಡಕು ಒಂದೇ. "ನಾಸಿಕ್ ಭಾಳ ದೂರ" ಎಂದು ಆಯಿ ಗೊಣಗುತ್ತಿದ್ದರಂತೆ.

ದೂರವೇ? ನನ್ನ ಕಸುಬಿಗೇ ಸವಾಲು! ಕನ್ಯೆ ನೋಡಲು ಹೊರಟವನು ಹೂ ಹಣ್ಣಿನ ಜೊತೆಗೆ ನನ್ನ ಶಾಲೆಯ ಕಾಲದ ಅಟ್ಲಾಸನ್ನು ಪೇಪರಿನಲ್ಲಿ ಸುತ್ತಿಕೊಂಡೆ. ಕಿಸೆಯಲ್ಲಿ ಅಡಿಪಟ್ಟಿ. ಮಂಡಿನೋವಿನ ಅವ್ವ ಬಾಗಿಲಲ್ಲಿ ನಿಂತು, "ಹುಡುಗೀನ ಅಳೀಲಿಕ್ಕ ಹೊಂಟಿಯೇನೋ?" ಎಂದಳು.

ಔರಂಗಾಬಾದಿನ ಗುಲ್ಮಂಡಿ ಪೇಟೆಯ ಹತ್ತಿರದ ಆ ಮನೆಯಲ್ಲಿ ಆಯಿ ಚಾಪೆಯ ಮೇಲೆ ಕೂತಿದ್ದರು. ಹುಡುಗಿಯ ಸೋದರಮಾವ ಶರಣಪ್ಪ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ನನ್ನ ಅಂಗಿಯ ಬಟ್ಟೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ ಕೈಬಿಟ್ಟರು. ಹುಡುಗಿ ಉಪ್ಪಿಟ್ಟು ಕೊಟ್ಟು ಒಳಬಾಗಿಲ ಮರೆಗೆ ಹೋದಳು. ನಾನು ತಿನ್ನುವುದು ಬಿಟ್ಟು ಅಟ್ಲಾಸ್ ಬಿಚ್ಚಿದೆ.

"ಆಯಿ, ಇದು ನಾಸಿಕ್. ಇದು ಔರಂಗಾಬಾದ್. ಬಸ್ಸು ಸುತ್ತಿ ಸುತ್ತಿ ಹೋಗ್ತದ, ಅದಕ್ಕ ದೂರ ಅನಸ್ತದ. ವಿಮಾನದಾಗ ಹೋದ್ರ ಬರೇ ಎಂಬತ್ತು ಮೈಲಿ. ಇಪ್ಪತ್ತೈದು ನಿಮಿಷ."

"ವಿಮಾನ ಬಿಡ್ತಾರೇನು ಇಲ್ಲಿಂದ ನಾಸಿಕಕ್ಕ?"

"ಸದ್ಯಕ್ಕ ಇಲ್ಲ. ಬಿಟ್ರ."

"ಬಿಟ್ರ," ಎಂದು ಆಯಿ ತಲೆದೂಗಿದರು. "ಅದು ಯೇವಲಾದಾಗ ನಿಲ್ತದೇನು?"

"ಇಲ್ಲಾಯಿ. ಎಲ್ಲೂ ನಿಲ್ಲಂಗಿಲ್ಲ."

"ಮತ್ತ ಹೆಣ್ಮಕ್ಕಳಿಗಿ ಒಂದಕ್ಕ ಬಂದ್ರ?"

ಆಯಿ ಅಟ್ಲಾಸಿನ ಮೇಲೆ ಬೆರಳಿಟ್ಟರು. ಓದು ಬರುತ್ತಿರಲಿಲ್ಲ, ಆದರೆ ದಾರಿ ಬಾಯಿಪಾಠ. "ಇದು ಔರಂಗಾಬಾದ್ ಅಂತೀ. ಮುಂದ ವೈಜಾಪುರ ಬರಬೇಕು, ಆಮ್ಯಾಲ ಯೇವಲಾ, ಆಮ್ಯಾಲ ನಿಫಾಡ್. ಯೇವಲಾ ಎಲ್ಲದ ಇದರಾಗ? ತೋರಸು ತಮ್ಮಾ."

ನಾನು ಹುಡುಕಿದೆ. ಯೇವಲಾ ಇರಲಿಲ್ಲ. ಇಡೀ ಸೀಮೆಗೆ ಪೈಠಣಿ ಸೀರೆ ನೇಯ್ದು ಕೊಡುವ ಊರು, ಮಗ್ಗಗಳ ಸಮೇತ ಮಂಗಮಾಯ. ನಾಸಿಕ್ ಎಡ ಪುಟದಲ್ಲಿತ್ತು, ಔರಂಗಾಬಾದ್ ಬಲ ಪುಟದಲ್ಲಿತ್ತು. ನಾನು ಬೆವರತೊಡಗಿದಾಗ ಬಾಗಿಲ ಮರೆಯಿಂದ ಒಂದು ದನಿ ಬಂತು.

"ಹೊಲಿಗಿಯೊಳಗ ಅದ, ನೋಡ್ರಿ."

ಪುಟಗಳನ್ನು ಜಗ್ಗಿ ಅಗಲಿಸಿದೆ. ಪುಸ್ತಕದ ಬೆನ್ನು ಪಟ್ಟೆಂದು ಹರಿಯಿತು. ಎರಡು ಪುಟ ಕೂಡುವ ಆ ಕಣಿವೆಯೊಳಗೆ, ದಾರದ ಪಕ್ಕದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಯೇವಲಾ ಕೂತಿತ್ತು. ಅದರ ಜೊತೆಗೆ ನನ್ನ ಲೆಕ್ಕದಲ್ಲಿ ತಪ್ಪಿಹೋದ ಇಪ್ಪತ್ತು ಮೈಲಿಯೂ ಇತ್ತು. ಎಷ್ಟು ವರ್ಷದಿಂದ ಆ ಪುಸ್ತಕ ಇಟ್ಟುಕೊಂಡಿದ್ದೆ! ನಕಾಶೆ ಬರೆದು ಸಂಬಳ ತೆಗೆದುಕೊಳ್ಳುವವನು ನಾನು. ತಪ್ಪು ಹಿಡಿದವಳು ಬಾಗಿಲ ಮರೆಯಿಂದ ಒಂದು ಸಲ ಪುಟ ಇಣುಕಿ ನೋಡಿದ್ದಳು, ಅಷ್ಟೆ. (ಅಟ್ಲಾಸ್ ಹರಿದದ್ದು ನಾನಲ್ಲ, ಶರಣಪ್ಪ ಮಾವ ಎಂಬುದು ಮಹಾನಂದಾಳ ವಾದ. ಇರಲಿ.) ಆ ಹೊತ್ತಿಗೆ ನನಗೆ ಒಂದು ವಿಷಯ ಸ್ಪಷ್ಟವಾಗಿಬಿಟ್ಟಿತ್ತು. ಮದುವೆಯಾದರೆ ಈ ದನಿಯನ್ನೇ ಆಗಬೇಕು.

ಆದರೆ ಆಯಿ ಅಟ್ಲಾಸನ್ನು ಮಡಚಿ ನನ್ನ ಕೈಗಿಟ್ಟರು. "ಪುಸ್ತಕದಾಗಿನ ದೂರ ನನಗ ಬ್ಯಾಡ. ನಮ್ಮ ಮನಿದು ಒಂದು ಪದ್ಧತಿ ಅದ. ಹುಡುಗಿ ಹೋಗುವಾಗ ತವರಿನ ಹೆಪ್ಪು ಕೂಡ ಹೋಗಬೇಕು. ಇಲ್ಲಿ ಹೆಪ್ಪು ಹಾಕಿದ ಹಾಲು ಅಲ್ಲಿ ಮುಚ್ಚಳ ತೆಗದಾಗ ಮೊಸರಾಗಿರಬೇಕು, ಸಿಹಿ ಇರಬೇಕು. ಹುಳಿ ಆದ್ರ ಅದು ದೂರ. ಕೊಡಂಗಿಲ್ಲ."

ನಾನು ನಕ್ಕೆ. ಮಾವ ನಗಲಿಲ್ಲ. ಆಯಿಯೂ ನಗಲಿಲ್ಲ. "ನನ್ನನ್ನ ಭಾಲ್ಕಿಯಿಂದ ಇಲ್ಲಿಗಿ ಕೊಟ್ರು. ರೈಲಿನಾಗ ಎರಡು ದಿನ. ಅವ್ವ ಕೊಟ್ಟ ತಂಬಿಗಿ ಇಲ್ಲಿ ಬಂದು ಬಿಚ್ಚಿದ್ರ ನೀಲಿ ಬೂಷ್ಟು. ಬಾಜೂ ಮನಿಯಾಕಿ ಕಡೆ ಹೆಪ್ಪು ಇಸಗೊಂಡೆ. ಇವತ್ತಿನ ತನಾ ಮಂದಿ ಮೊಸರೇ ತಿನ್ಲತ್ತೀನಿ."

ಹೀಗೆ ನನ್ನ ಬಾಳು ಒಂದು ತಿರುಪು ಮುಚ್ಚಳದ ಹಿತ್ತಾಳೆ ಡಬ್ಬಿಯೊಳಗೆ ಹೋಗಿ ಕೂತಿತು. ಮರುದಿನ ಬೆಳಿಗ್ಗೆ ಆಯಿ ಬೆಚ್ಚಗಿನ ಎಮ್ಮೆ ಹಾಲಿಗೆ ಹೆಪ್ಪು ಹಾಕಿ ಮುಚ್ಚಳ ತಿರುಗಿಸಿದರು. ಸಾಕ್ಷಿಗೆ ಮಾವ ನನ್ನ ಜೊತೆ ನಾಸಿಕಕ್ಕೆ ಬರುವುದು, ಅವ್ವನ ಎದುರಿಗೆ ಬಿಚ್ಚಿ ರುಚಿ ನೋಡಿ ಮರಳುವುದು ಎಂದು ಗೊತ್ತಾಯಿತು. ಡಬ್ಬಿ ನನ್ನ ತೊಡೆಯ ಮೇಲೆ.

ಆ ಕಾಲದ ಕೆಂಪು ಬಸ್ಸಿನಲ್ಲಿ ನೀವು ಕೂತಿದ್ದರೆ, ಮೊಸರು ಕೂರುವುದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ. ಮನುಷ್ಯರಿಗೇ ಕೂರಲಾಗುತ್ತಿರಲಿಲ್ಲ. ಪ್ರತಿ ತಗ್ಗಿಗೂ ನಾನು ಡಬ್ಬಿಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಹಿಂದಿನ ಸೀಟಿನ ಮುದುಕಿ, ಅಸ್ಥಿ ಬಿಡಲು ನಾಸಿಕಕ್ಕೆ ಹೊರಟಿದ್ದೇನೆಂದು ತಿಳಿದು, ಯಾರು ಹೋದರಪ್ಪಾ ಎಂದು ಮರಾಠಿಯಲ್ಲಿ ಕನಿಕರದಿಂದ ಕೇಳಿದಳು. ಇನ್ನೂ ಯಾರೂ ಹೋಗಿಲ್ಲ, ಇದರಲ್ಲಿ ಮೊಸರಿದೆ, ಎಂದೆ. ಅವಳು ಸೀಟು ಬದಲಿಸಿದಳು.

ಬಿಸಿಲು ಏರಿತು. ಡಬ್ಬಿ ಬಿಸಿಯಾಯಿತು, ತೊಡೆ ಅದಕ್ಕಿಂತ ಬಿಸಿಯಾಯಿತು. ವೈಜಾಪುರದಲ್ಲಿ ಬಸ್ಸು ಅರ್ಧ ತಾಸು ಕೆಮ್ಮಿತು. ಯೇವಲಾದಲ್ಲಿ ಮುಂಭಾಗದಿಂದ ಹೊಗೆ ಬಿಟ್ಟು ನಿಂತೇಬಿಟ್ಟಿತು. ಮಧ್ಯಾಹ್ನ ಒಂದು ದಾಟಿತ್ತು. "ಏಕ್ ತಾಸ್ ಲಾಗೇಲ್!" ಒಂದು ತಾಸು ಹಿಡಿಯುತ್ತದೆ, ಎಂದು ಕಂಡಕ್ಟರ್ ಕೂಗಿದ. ಬಟ್ಟೆಯ ಮನುಷ್ಯರಾದ ಮಾವನಿಗೆ ಹಬ್ಬವಾಯಿತು. "ನಾ ಇಲ್ಲೇ ನೇಕಾರರ ಗಲ್ಲಿಗಿ ಹೋಗಿ ಪೈಠಣಿ ನೋಡಿ ಬರ್ತೀನ್ರಿ. ಡಬ್ಬಿ ಜ್ವಾಕಿ," ಎಂದು ಹೋದರು.

ಡಬ್ಬಿ ಮತ್ತು ನಾನು ಇಬ್ಬರೇ ಉಳಿದೆವು. ಬಿಚ್ಚಬಾರದಿತ್ತು. ಬಿಚ್ಚಿದೆ. ಮೊಸರಾಗಿತ್ತು, ಆಗಿ ಒಡೆದಿತ್ತು, ನೀರು ಬಿಟ್ಟಿತ್ತು, ಅಂಚಿನಲ್ಲಿ ಬೆಣ್ಣೆಯ ಗುಳಿಗೆಗಳೂ ಎದ್ದಿದ್ದವು. ಒಂದು ಬೆರಳು ನೆಕ್ಕಿದೆ. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಅಷ್ಟು ಹುಳಿ. ಇನ್ನೂ ನಾಸಿಕಕ್ಕೆ ಅರ್ಧ ದಾರಿ ಬಾಕಿ.

ಸ್ಟ್ಯಾಂಡಿನ ಎದುರಿಗೆ ಕರಾವಳಿಯ ಕಡೆಯ ಭಟ್ಟರೊಬ್ಬರ ಚಹಾದ ಹೋಟೆಲಿತ್ತು. ನಾನು ಡಬ್ಬಿ ಹಿಡಿದು ಒಳಗೆ ಹೋದೆ. "ಭಟ್ರೇ, ಹಾಲು ಬೇಕಾಗಿತ್ರಿ."

"ಕಾಫಿಗಾ?"

"ಮದುವಿಗಿ."

ಭಟ್ಟರು ಸೌಟು ಕೆಳಗಿಟ್ಟರು. ಕಥೆಯೆಲ್ಲ ಹೇಳಿದೆ. ಅವರು ಮೊಸರನ್ನು ಮೂಸಿ, "ಅಯ್ಯೋ ಮಾರಾಯ್ರೆ, ಇದು ಮೊಸರಲ್ಲ, ಪಾತ್ರೆ ಬೆಳಗುವ ಹುಣಸೆಹಣ್ಣು," ಎಂದರು. "ಎಲ್ಲ ಚೆಲ್ಲಿ, ಒಂದು ಚಮಚ ಉಳಿಸಿ, ಹೊಸ ಹಾಲು ಹಾಕಿ."

ಚೆಲ್ಲಲು ಮನಸ್ಸು ಬರಲಿಲ್ಲ. ಆಯಿಯ ಕೈಯದು, ಮಹಾನಂದಾಳ ಮನೆಯದು. ಹೋಟೆಲಿನ ಹಿಂದೆ ನಿಂತು, ಕಣ್ಣು ಮುಚ್ಚಿ, ಇಡೀ ಡಬ್ಬಿ ಕುಡಿದೆ. ಭಟ್ಟರು ಸಕ್ಕರೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು, ಕುಡಿದು ಮುಗಿಸುವ ತನಕ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಅವರು ಕಾದ ಹಾಲನ್ನು ಎರಡು ಪಾತ್ರೆಯಲ್ಲಿ ಮಾರುದ್ದ ಎತ್ತಿ ಹೊಯ್ದು ಆರಿಸಿದರು. "ಬೆರಳು ಹಾಕಿ ನೋಡಿ. ಸುಡಬಾರದು. ಸುಟ್ಟರೆ ಹೆಪ್ಪು ಸಾಯ್ತದೆ," ಎಂದರು. ತಳದ ಒಂದು ಚಮಚ ಹುಳಿಗೆ ಯೇವಲಾದ ಹಾಲು ಬಿತ್ತು. ಮುಚ್ಚಳ ತಿರುಗಿತು.

ಮಾವ ಬಂದರು. ಬಸ್ಸು ಹೊರಟಿತು. ನಿಫಾಡ್ ಬರುವ ತನಕ ನನ್ನ ಹೊಟ್ಟೆಯಲ್ಲಿ ಯಾರೋ ಕಡೆಗೋಲು ಹಾಕಿ ಕಡೆಯುತ್ತಿದ್ದರು. ಅವತ್ತು ಆ ಬಸ್ಸಿನಲ್ಲಿ ಬೆಣ್ಣೆ ಬಂದಿದ್ದರೆ ಅದು ನನ್ನೊಳಗೆ ಬಂದಿರಬೇಕು.

ಪಂಚವಟಿಯ ಮನೆಯಲ್ಲಿ ಅವ್ವನ ಎದುರಿಗೆ ಮಾವ ಮುಚ್ಚಳ ತೆಗೆದರು. ಹಾಲು. ಅಂಚಿನಲ್ಲಿ ಮಾತ್ರ ಚೂರು ಗಟ್ಟಿ. ನನ್ನ ಲೆಕ್ಕ ಮತ್ತೊಮ್ಮೆ ತಪ್ಪಿತ್ತು. ಹುಳಿ ತಪ್ಪಿಸುವ ಭರದಲ್ಲಿ, ಮೊಸರಾಗಲಿಕ್ಕೂ ಹೊತ್ತು ಬೇಕೆಂಬುದನ್ನು ಮರೆತಿದ್ದೆ.

ಮಾವ ಡಬ್ಬಿಯೊಳಗೆ ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಭಕ್ತಿ ಮೂಡಿತು. "ಎಂಟು ತಾಸಾದ್ರೂ ಹಾಲು ಹಾಲೇ ಅದ! ಖರೇನೇ ಇಪ್ಪತ್ತೈದು ನಿಮಿಷದ ದಾರಿ ನೋಡ್ರಿ ಇದು! ನಿಮ್ಮ ಅಡಿಪಟ್ಟಿ ಬರೋಬರ್ ಹೇಳಿತ್ತು!"

ಜೀವನದಲ್ಲಿ ನನ್ನ ವಿಮಾನದ ಲೆಕ್ಕವನ್ನು ಒಪ್ಪಿದ ಮನುಷ್ಯ ಅವರೊಬ್ಬರೇ. ರಾತ್ರಿ ಕಳೆದು ಮೊಸರಾದ ಅದನ್ನೇ ಒಂದು ಬಟ್ಟಲಷ್ಟು ಪುರಾವೆಗೆಂದು ಡಬ್ಬಿಯಲ್ಲೇ ಉಳಿಸಿಕೊಂಡು ಬೆಳಿಗ್ಗೆ ಅವರು ಔರಂಗಾಬಾದಿಗೆ ಮರಳಿದರು. ನಾಲ್ಕು ದಿನಕ್ಕೆ ಕಾರ್ಡು ಬಂತು. ಒಂದೇ ಸಾಲು. ಆಯಿ ಹುಡುಗನನ್ನು ಕರೆಯುತ್ತಿದ್ದಾರೆ.

ಹೋದೆ. ಈ ಸಲ ಅಟ್ಲಾಸ್ ಇರಲಿಲ್ಲ. ಉಪ್ಪಿಟ್ಟೂ ಇರಲಿಲ್ಲ. ಆಯಿ ಸುತ್ತಿ ಬಳಸಲಿಲ್ಲ, ಆ ಸೀಮೆಗೆ ಅವರೊಬ್ಬರೇ ವಿಮಾನ.

"ನಮ್ಮದು ಎಮ್ಮಿ ಹಾಲು. ಶರಣಪ್ಪ ತಂದ ಮೊಸರು ಆಕಳದ್ದು, ಅದೂ ನೀರು ಬೆರಸಿದ್ದು. ಎಲ್ಲಿ ಬದಲಿ ಮಾಡ್ದಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. "ಯೇವಲಾದಾಗ," ಎಂದೆ.

"ನಮ್ಮ ಮೊಸರು ಚೆಲ್ಲಿದಿ?"

"ಇಲ್ಲಾಯಿ. ಕುಡದೆ. ತಳದಾಗ ಒಂದು ಚಮಚ ಇಟ್ಟು, ಅದರ ಮ್ಯಾಲ ಹೊಸ ಹಾಲು ಹಾಕಿದೆ."

ಮಾವ, ತಮ್ಮ ಇಪ್ಪತ್ತೈದು ನಿಮಿಷ ಕೈತಪ್ಪಿದ ದುಃಖದಲ್ಲಿ ಗೋಡೆಗೆ ಒರಗಿದರು. ಆಯಿ ಹೇಳಿದ್ದು ನನಗಲ್ಲ, ಎದುರಿನ ಗೋಡೆಗೆ ಎನ್ನುವಂತಿತ್ತು. "ನನ್ನ ಜೋಡಿ ರೈಲಿನಾಗ ಏಳು ಮಂದಿ ಗಂಡಸರು ಬಂದಿದ್ರು. ನಡುದಾರಿ ಪರಭಣಿಯಾಗ ಇಳದು ಎರಡು ಗುಟುಕು ಹೊಸಾ ಹಾಲು ಹಾಕೋಣ ಅಂತ ಒಬ್ಬನಿಗೂ ತಿಳೀಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. "ಕಳ್ಳ ಇದ್ದೀ. ಆದ್ರ ಹೆಪ್ಪು ಸಾಯಗೊಡಲಿಲ್ಲ. ಒಂದು ಮಾತು ಕೇಳ್ತೀನಿ, ಖರೇ ಹೇಳು. ಯೇವಲಾದಾಗ ನಮ್ಮ ಮೊಸರು ಹ್ಯಾಂಗಿತ್ತು? ಅರ್ಧ ದಾರಿ ತನಾನಾದ್ರೂ ಸಿಹಿ ಇತ್ತೇನು?"

ಈಗ ಎಲ್ಲವೂ ಈ ಒಂದು ಉತ್ತರಕ್ಕೆ ಬಂದು ನಿಂತಿತ್ತು. ನನ್ನ ಎಡಗಣ್ಣು, ನೆನಪಿನ ಹೊಡೆತಕ್ಕೆ, ಮುಚ್ಚಲು ಹವಣಿಸಿತು. ಅದನ್ನು ಬಲವಂತವಾಗಿ ತೆರೆದಿಟ್ಟುಕೊಂಡು ಹೇಳಿದೆ. "ಸಕ್ಕರಿ ಹಾಂಗಿತ್ತು ಆಯಿ."

ಮದುವೆ ಆಯಿತು. ಅದರ ವಿವರ ಬೇಡ. ಮಹಾನಂದಾ ಒಂದು ಬಗೆ ಹೇಳುತ್ತಾಳೆ, ನಾನೊಂದು ಬಗೆ, ಫೋಟೋಗಳು ಮೂರನೆಯ ಬಗೆ. ಹೊರಡುವ ದಿನ ಆಯಿ ಅದೇ ಹಿತ್ತಾಳೆ ಡಬ್ಬಿಯಲ್ಲಿ ಹೆಪ್ಪು ಹಾಕಿ ಮೊಮ್ಮಗಳ ಮಡಿಲಿಗೆ ಕೊಟ್ಟರು. ನನ್ನ ಕೈಗೆ ಒಂದು ಖಾಲಿ ತಂಬಿಗೆ. "ಯೇವಲಾದಾಗ ಇಳದು ಹಾಲು ತಗೋ. ಈ ಸಲ ಕದಿಯೂದು ಬ್ಯಾಡ, ರಾಜಾರೋಷ ಹಾಕು."

ಬಸ್ಸು ಈ ಸಲ ಕೆಡಲಿಲ್ಲ, ಆದರೂ ಬಿಸಿಲಿಗೆ ಅದು ಗೊತ್ತಾಗಬೇಕಲ್ಲ. ಯೇವಲಾದಲ್ಲಿ ಇಳಿದೆವು. ನನ್ನನ್ನು, ನನ್ನ ಹಿಂದೆ ಹಸಿರು ಸೀರೆಯಲ್ಲಿ ಡಬ್ಬಿ ಹಿಡಿದು ನಿಂತವಳನ್ನು ನೋಡಿ ಭಟ್ಟರು, "ಮತ್ತೆ ಬಂದಿರಾ ಮಾರಾಯ್ರೆ? ಈ ಸಲ ಸಾಕ್ಷಿ ಸಮೇತವಾ?" ಎಂದು ಹಾಲು ಆರಿಸತೊಡಗಿದರು.

ನೆನಪಿನ ಬಗ್ಗೆ ಏನೇ ಜಗಳವಿರಲಿ, ಮುಂದಿನದರಲ್ಲಿ ಮಾತ್ರ ನನ್ನದೂ ಅವಳದೂ ಒಂದೇ ಮಾತು. ಹೋಟೆಲಿನ ಬೆಂಚಿನ ಮೇಲೆ ಕೂತು ಅವಳು ಮುಚ್ಚಳ ತಿರುಗಿಸಿದಳು. ನಾನು ಬೇಡ ಎನ್ನುವ ಮೊದಲೇ ಚಮಚದಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಳು. ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

"ಹುಳಿ ಅದ," ಎಂದಳು.

ನಾನು ನೆಲ ನೋಡಿದೆ. ಎದುರಿಗೆ ಔರಂಗಾಬಾದಿಗೆ ಮರಳುವ ಬಸ್ಸೊಂದು ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ನಮ್ಮ ಬಸ್ಸನ್ನು ನೋಡಿದಳು. ಆಮೇಲೆ ಮತ್ತೊಂದು ಚಮಚ ತಿಂದಳು. ಮತ್ತೊಂದು. ಒಂದು ಕಣ್ಣು ಮುಚ್ಚಿಕೊಂಡೇ ಇಡೀ ಡಬ್ಬಿ ಮುಗಿಸಿ, ತಳದಲ್ಲಿ ಒಂದು ಚಮಚ ಉಳಿಸಿ, ನನ್ನ ಮುಂದೆ ಹಿಡಿದಳು.

"ಹಾಲು ಹಾಕ್ರಿ. ಆಯಿಗಿ ಹೇಳಬ್ಯಾಡ್ರಿ."

ಹೇಳಲಿಲ್ಲ. ನಿಮಗೆ ಹೇಳುತ್ತಿರುವುದೇ ಮೊದಲು.